ಮೇಲ್‌ವೆಲೋಪ್: ಬೀಗ ಗಟ್ಟಿ, ಚೌಕಟ್ಟು ಸಡಿಲ

ಜಮ್ಮಾ ಜಾಗದ, ಅಂದರೆ ಕೊಡಗಿನ ಮನೆತನದ ಜಮೀನಿನ, ಪಾಲುಪಟ್ಟಿಯ ಕರಡು ಮಡಿಕೇರಿಯ ವಕೀಲರ ಆಫೀಸಿನಿಂದ ಬೆಂಗಳೂರು, ದುಬೈಗಳಲ್ಲಿರುವ ಒಕ್ಕದವರಿಗೆಲ್ಲ (ಒಂದೇ ಮನೆತನದವರಿಗೆಲ್ಲ) ಈಗ ಮೇಲ್‌ನಲ್ಲೇ ಹೋಗುತ್ತದೆ. ಹೋಂಸ್ಟೇಗೆ ಬರುವ ವಿದೇಶಿಯರ ಪಾಸ್‌ಪೋರ್ಟ್ ಪ್ರತಿ ಬುಕಿಂಗ್ ಆದಾಗಲೇ ಇನ್‌ಬಾಕ್ಸ್‌ಗೆ ಬಂದು ಬೀಳುತ್ತದೆ. ಅತಿಥಿ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಫಾರ್ಮ್ ತುಂಬಿ ಕಳಿಸಿದ ಮೇಲೂ ಆ ಪ್ರತಿ ಅಲ್ಲೇ ವರ್ಷಗಟ್ಟಲೆ ಬಿದ್ದಿರುತ್ತದೆ. ಕಾಫಿ ರಫ್ತಿನವರ ಕಡೆ ಲಾಟಿನ ದರ, ಬ್ಯಾಂಕ್ ಖಾತೆ ವಿವರ ಮೊದಲಿಂದಲೂ ಇದ್ದವು. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ಬಂದ ಮೇಲೆ ತೋಟದ ಜಿಪಿಎಸ್ ಗುರುತುಗಳೂ ಜತೆಗೆ ಸೇರಿವೆ. ಮೇಲ್ ಅಕೌಂಟಿನ ಪಾಸ್‌ವರ್ಡ್ ಒಮ್ಮೆ ಬೇರೆಯವರ ಕೈಗೆ ಸಿಕ್ಕಿತೆಂದರೆ ಇಷ್ಟೂ ಒಂದೇ ಸಲಕ್ಕೆ ಹೋಯಿತು.

ಇದಕ್ಕೆ ಮದ್ದು ಹುಡುಕುವವರಿಗೆ ಬೇಗ ಸಿಗುವ ಹೆಸರು ಮೇಲ್‌ವೆಲೋಪ್. 2012ರಿಂದ ಇರುವ ಜರ್ಮನ್ ಎಕ್ಸ್‌ಟೆನ್ಶನ್ ಇದು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ. ಪಡೆಯುವವರಷ್ಟೇ ಓದುವಂತೆ ಮೇಲ್‌ಗೆ ಬೀಗ ಹಾಕುವುದು, ಎಂದರೆ ಎನ್‌ಕ್ರಿಪ್ಟ್ ಮಾಡುವುದು, ಇದರ ಕೆಲಸ. ಸೋರ್ಸ್ ಕೋಡ್ ಬಹಿರಂಗವಾಗಿದೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರಕ್ಕೂ ಸಿಗುತ್ತದೆ. ಒಳಗೆ ನಡೆಯುವುದು ಓಪನ್‌ಪಿಜಿಪಿ ಎಂಬ ಎನ್‌ಕ್ರಿಪ್ಶನ್ ಪದ್ಧತಿ, ಅಂದರೆ 1991ರಲ್ಲಿ ಫಿಲ್ ಜಿಮ್ಮರ್‌ಮನ್ ಬರೆದ ಪಿಜಿಪಿಯ ಸಂತತಿ. ಬೀಗದ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ಬೀಗ ಕೂರಿಸಿದ ಚೌಕಟ್ಟಿನದು. ವೆಬ್‌ಮೇಲ್ ಪುಟ ಒಬ್ಬರದು, ಎಕ್ಸ್‌ಟೆನ್ಶನ್ ಇನ್ನೊಬ್ಬರದು. ಪುಟದ ಒಡೆಯರು ಒಂದು ಬಟನ್ ಆಚೀಚೆ ಸರಿಸಿದರೂ ಇದು ತಡಕಾಡುತ್ತದೆ.

ಹಾಕಿಕೊಂಡ ಕೂಡಲೇ ಕಾಡುವ ಪ್ರಶ್ನೆ, ಜಿಮೇಲ್‌ನಲ್ಲಿ ಇದರ ಗುರುತೇ ಕಾಣುತ್ತಿಲ್ಲವಲ್ಲ ಎಂಬುದು. ಹೆಚ್ಚಿನ ಸಲ ಕಾರಣ ಸಣ್ಣದು: ಎಕ್ಸ್‌ಟೆನ್ಶನ್ ಹಾಕುವ ಮೊದಲೇ ತೆರೆದಿಟ್ಟ ಟ್ಯಾಬ್ ಅದು. ರೀಲೋಡ್ ಮಾಡಿ. ಆಮೇಲೂ ಬರದಿದ್ದರೆ ಎರಡು ಗೇಟುಗಳನ್ನು ನೋಡಬೇಕು. ಕ್ರೋಮ್‌ನ ಎಕ್ಸ್‌ಟೆನ್ಶನ್ ವಿವರಗಳಲ್ಲಿ 'ಸೈಟ್ ಆಕ್ಸೆಸ್' ಎಂಬುದು 'ಆನ್ ಕ್ಲಿಕ್' ಆಗಿದ್ದರೆ ಇದು ತಾನಾಗಿ ಪುಟದೊಳಗೆ ಬರುವುದಿಲ್ಲ. ಎರಡನೆಯದು ಮೇಲ್‌ವೆಲೋಪ್‌ನ ಸ್ವಂತ ಗೇಟು, ಆಪ್ಶನ್ಸ್‌ನ 'ಆಥರೈಸ್ಡ್ ಡೊಮೇನ್ಸ್' ಪಟ್ಟಿ. ಜಿಮೇಲ್‌ನಂಥ ದೊಡ್ಡವು ಅದರಲ್ಲಿ ಮೊದಲೇ ಇರುತ್ತವೆ. ಎಸ್ಟೇಟಿನದೋ ರೆಸಾರ್ಟಿನದೋ ಸ್ವಂತ ಡೊಮೇನ್ ಇದ್ದು, ಹೋಸ್ಟಿಂಗ್‌ನವರು ಕೊಟ್ಟ ವೆಬ್‌ಮೇಲ್ ಬಳಸುವವರು ಅದನ್ನು ತಾವೇ ಸೇರಿಸಬೇಕು. ವಿಳಾಸವನ್ನು ಕೈಯಾರೆ ಬರೆಯಲು ಹೋಗಬೇಡಿ. ವೆಬ್‌ಮೇಲ್ ಪುಟ ತೆರೆದಿಟ್ಟು, ಮೇಲಿನ ಪಟ್ಟಿಯ ಐಕಾನ್ ಒತ್ತಿ, ಅಲ್ಲಿಂದಲೇ ಒಪ್ಪಿಗೆ ಕೊಟ್ಟರೆ ವಿಳಾಸ ತಪ್ಪುವುದಿಲ್ಲ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮೇಲ್ ನೋಡುವ ಅಭ್ಯಾಸವಿದ್ದರೆ ಅದಕ್ಕೂ ಪ್ರತ್ಯೇಕ ಅನುಮತಿ ಬೇಕು.

ಹೋಸ್ಟಿಂಗ್ ವೆಬ್‌ಮೇಲ್ ಬಹಳಷ್ಟು ಕಡೆ ರೌಂಡ್‌ಕ್ಯೂಬ್ ಎಂಬ ತಂತ್ರಾಂಶ ಆಗಿರುತ್ತದೆ. ಅದು 1.2ನೇ ಆವೃತ್ತಿಯಿಂದಲೇ ಮೇಲ್‌ವೆಲೋಪ್ ಜತೆ ನೇರವಾಗಿ ಮಾತಾಡಬಲ್ಲದು. ಡೊಮೇನ್ ಸೇರಿಸುವಾಗ 'ಎಪಿಐ' ಎಂಬ ಸ್ವಿಚ್ ಹಾಕಿದರೆ ಮಾತ್ರ. ಆ ಸ್ವಿಚ್ ಮರೆತರೆ ಅಟ್ಯಾಚ್‌ಮೆಂಟ್ ಸಮೇತದ ಮೇಲ್‌ಗಳು ಬರಿಯ ಒಂದು ಎಎಸ್‌ಸಿ ಫೈಲಾಗಿ (ಬೀಗ ಹಾಕಿದ ಅಕ್ಷರಗಳ ಕಂತೆಯಾಗಿ) ಬಂದು ಕೂರುತ್ತವೆ, ಸಾಫ್ಟ್‌ವೇರೇ ಕೆಟ್ಟಿದೆ ಅನ್ನಿಸುತ್ತದೆ.

ಬೀಗಕ್ಕೆ ಕೀ ಜೋಡಿ ಬೇಕು: ಬೇರೆಯವರು ನಿಮಗೆ ಬೀಗ ಹಾಕಿ ಕಳಿಸಲು ಪಬ್ಲಿಕ್ ಕೀ, ಅದನ್ನು ತೆಗೆಯಲು ನಿಮ್ಮಲ್ಲೇ ಇರುವ ಪ್ರೈವೇಟ್ ಕೀ. ತಯಾರಿಸುವುದು ಸುಲಭ: ಹೆಸರು, ಮೇಲ್ ವಿಳಾಸ, ಪಾಸ್‌ವರ್ಡ್. ಎರಡು ಕಡೆ ಎಚ್ಚರ ಬೇಕು. ವಿಳಾಸ ಒಂದಕ್ಷರ ತಪ್ಪದ ಹಾಗಿರಬೇಕು. ಜಿಮೇಲ್‌ಗೆ ಹೆಸರಿನ ನಡುವೆ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೀ ಹುಡುಕುವ ತಂತ್ರಾಂಶಕ್ಕೆ ಅದು ಒಂದೇ ಅಲ್ಲ. ಚುಕ್ಕಿ ಹಾಕಿ ಕೀ ಮಾಡಿ, ಚುಕ್ಕಿ ಇಲ್ಲದ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ, ಕಳಿಸುವವರ ಪರದೆಯಲ್ಲಿ ನಿಮ್ಮ ಹೆಸರು ಹಸಿರಾಗುವ ಬದಲು ಕೆಂಪಾಗಿಯೇ ಉಳಿಯುತ್ತದೆ. ಇನ್ನೊಂದು, ಬೇರೆಯವರು ಹುಡುಕಿ ಪಡೆಯುವಂತೆ ಪಬ್ಲಿಕ್ ಕೀಯನ್ನು ಕೀ ಸರ್ವರ್‌ಗೆ ಏರಿಸುವುದು. ಟಿಕ್ ಹಾಕಿದ ಮಾತ್ರಕ್ಕೆ ಏರಿತು ಅಂದುಕೊಳ್ಳುವವರೇ ಜಾಸ್ತಿ. ಸರ್ವರ್ ಒಂದು ಖಚಿತಪಡಿಸುವ ಮೇಲ್ ಕಳಿಸುತ್ತದೆ, ಅದೂ ಎನ್‌ಕ್ರಿಪ್ಟ್ ಆದ ರೂಪದಲ್ಲಿ. ಅದನ್ನು ಬಿಡಿಸಿ, ಒಳಗಿನ ಲಿಂಕ್ ಒತ್ತಬೇಕು. ಅಕ್ಷರಗಳ ಕಂತೆಯಂತಿರುವ ಆ ಮೇಲ್ ಸ್ಪ್ಯಾಮ್‌ಗೆ ಹೋದರೆ ಆಶ್ಚರ್ಯವಿಲ್ಲ, ಅಲ್ಲೊಮ್ಮೆ ಇಣುಕಿ.

ಇನ್ನು ಕನ್ನಡ. ಈ ಎಕ್ಸ್‌ಟೆನ್ಶನ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದವರು ಮುಟ್ಟದ ಜಾಗ ಇದು, ಇಲ್ಲಿಯವರು ಮೊದಲು ಎಡವುವ ಜಾಗವೂ ಇದೇ. ಮೇಲ್‌ವೆಲೋಪ್ ಬರೆಯುವುದಕ್ಕೆ ತನ್ನದೇ ಪ್ರತ್ಯೇಕ ಕಿಟಕಿ ತೆರೆಯುತ್ತದೆ. ಕಾರಣ ಸರಿಯಾಗಿಯೇ ಇದೆ. ಜಿಮೇಲ್‌ನ ಕಂಪೋಸ್ ಪೆಟ್ಟಿಗೆಯಲ್ಲಿ ಬರೆದರೆ, ಬರೆಯುತ್ತಿರುವಾಗಲೇ ಅದು ಡ್ರಾಫ್ಟ್ ಆಗಿ ಸರ್ವರ್‌ಗೆ ಹೋಗಿರುತ್ತದೆ. ಆಮೇಲೆ ಬೀಗ ಹಾಕಿ ಏನು ಬಂತು? ಆದರೆ ಈ ಪ್ರತ್ಯೇಕ ಕಿಟಕಿಯೊಳಗೆ ಜಿಮೇಲ್‌ನ ಇನ್‌ಪುಟ್ ಟೂಲ್ ಇರುವುದಿಲ್ಲ. ಬ್ರೌಸರ್‌ಗೆ ಹಾಕಿಕೊಂಡ ಕನ್ನಡ ಟೈಪಿಂಗ್ ಎಕ್ಸ್‌ಟೆನ್ಶನ್ ಸಹ ನಡೆಯುವುದಿಲ್ಲ, ಯಾಕೆಂದರೆ ಒಂದು ಎಕ್ಸ್‌ಟೆನ್ಶನ್ನಿನ ಪುಟದೊಳಗೆ ಇನ್ನೊಂದು ಕೈಹಾಕದಂತೆ ಬ್ರೌಸರ್ ತಡೆಯುತ್ತದೆ. 'ನಮಸ್ಕಾರ' ಅಂತ ಹೊಡೆದರೆ ಇಂಗ್ಲಿಷ್ ಅಕ್ಷರಗಳೇ ಮೂಡುತ್ತವೆ. ಕೂಡಲೇ ಜನ ಮಾಡುವುದೇನು? ಜಿಮೇಲ್ ಪೆಟ್ಟಿಗೆಯಲ್ಲಿ ಕನ್ನಡ ಹೊಡೆದು, ಕತ್ತರಿಸಿ, ಇಲ್ಲಿ ಅಂಟಿಸುತ್ತಾರೆ. ಡ್ರಾಫ್ಟ್ ಸೋರದಿರಲಿ ಎಂದು ಮಾಡಿದ ವ್ಯವಸ್ಥೆಯನ್ನು ಹಿತ್ತಲ ಬಾಗಿಲಿನಿಂದ ತೆರೆದಿಟ್ಟ ಹಾಗಾಯಿತು.

ಸರಿಯಾದ ದಾರಿ ಆಪರೇಟಿಂಗ್ ಸಿಸ್ಟಮ್ ಮಟ್ಟದ ಕೀಲಿಮಣೆ. ವಿಂಡೋಸ್‌ನ ಭಾಷಾ ಸೆಟಿಂಗ್‌ಗಳಲ್ಲಿ ಕನ್ನಡ ಸೇರಿಸಿ ಇನ್‌ಸ್ಕ್ರಿಪ್ಟ್ ಅಥವಾ ಫೋನೆಟಿಕ್ ಆಯ್ದುಕೊಂಡರೆ, ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿದಾಗ ಎಲ್ಲ ಕಿಟಕಿಗಳಲ್ಲೂ ಕನ್ನಡ ಬರುತ್ತದೆ, ಇದರಲ್ಲೂ. ನುಡಿ ಬಳಸುವವರು ಯೂನಿಕೋಡ್ ಆಯ್ಕೆಯಲ್ಲಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪತ್ರವನ್ನು ಅಂಟಿಸಿದರೆ ಅದು ಫಾಂಟ್ ಕಳೆದುಕೊಂಡು ಗೋಜಲಾಗುತ್ತದೆ, ಆ ಗೋಜಲೇ ಶುದ್ಧವಾಗಿ ಎನ್‌ಕ್ರಿಪ್ಟ್ ಆಗಿ ಆ ಕಡೆ ಶುದ್ಧವಾಗಿ ಬಿಚ್ಚಿಕೊಳ್ಳುತ್ತದೆ. ದಸ್ತಾವೇಜು ಬರಹಗಾರರ ಕಂಪ್ಯೂಟರಿಂದ ಬರುವ ಹಳೆಯ ಕರಡುಗಳನ್ನು ಪಿಡಿಎಫ್ ಮಾಡಿ ಕಳಿಸುವುದೇ ಕ್ಷೇಮ.

ಅದೇ ಪ್ರತ್ಯೇಕ ಕಿಟಕಿಗೆ ಇನ್ನೊಂದು ಗುಣವಿದೆ, ಜೂನ್‌ನಿಂದ ಆಗಸ್ಟ್‌ವರೆಗೆ ಅದು ದೋಷವಾಗಿ ಕಾಣುತ್ತದೆ: ಬರೆದದ್ದು ವೆಬ್‌ಮೇಲ್‌ನ ಡ್ರಾಫ್ಟಿಗೆ ಹೋಗುವುದಿಲ್ಲ. ಮರ ಬಿದ್ದು ಲೈನ್ ಹೋಯಿತು, ಯುಪಿಎಸ್ ಬ್ಯಾಟರಿ ಸತ್ತಿದೆ, ಅರ್ಧ ಗಂಟೆ ಕೂತು ಬರೆದ ಪತ್ರ ಹೋಯಿತು. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದದ ಪತ್ರವನ್ನು ಪ್ರತ್ಯೇಕ ಫೈಲಾಗಿ ಬರೆದು, ಆ ಫೈಲನ್ನೇ ಎನ್‌ಕ್ರಿಪ್ಟ್ ಮಾಡಿ ಅಟ್ಯಾಚ್ ಮಾಡುವುದು ವಾಸಿ. ನೆಟ್ ನಿಧಾನ ಎಂಬ ಕೊರಗು ಮಾತ್ರ ಇಲ್ಲಿ ನಡೆಯುವುದಿಲ್ಲ. ಬೀಗ ಹಾಕುವುದೂ ತೆಗೆಯುವುದೂ ನಿಮ್ಮ ಕಂಪ್ಯೂಟರಿನಲ್ಲೇ, ಹೊಸ ಕೀ ಹುಡುಕುವಾಗಷ್ಟೇ ನೆಟ್ ಬೇಕು.

ಕಳಿಸಿದ್ದು ಆ ಕಡೆ ಬಿಚ್ಚಿಕೊಳ್ಳದಿದ್ದಾಗ ಏನು ನೋಡಬೇಕು? ಸಾದಾ ವೆಬ್‌ಮೇಲ್‌ನಲ್ಲಿ ಮೇಲ್‌ವೆಲೋಪ್ ಮಾಡುವುದು ಇಷ್ಟೆ: ಪುಟದಲ್ಲಿ ಐದು ಅಡ್ಡಗೆರೆ, 'ಬಿಗಿನ್ ಪಿಜಿಪಿ ಮೆಸೇಜ್', ಮತ್ತೆ ಐದು ಅಡ್ಡಗೆರೆ ಇರುವ ಸಾಲನ್ನು ಹುಡುಕುತ್ತದೆ, ಕೆಳಗಿನ 'ಎಂಡ್' ಸಾಲಿನವರೆಗಿನ ಅಕ್ಷರಗಳ ಕಂತೆಯನ್ನು ಎತ್ತಿಕೊಂಡು ಬಿಡಿಸುತ್ತದೆ. ಈ ಕಂತೆಯ ಮೇಲೆ ಯಾರೇ ಕೈಯಾಡಿಸಿದರೂ ಕೆಟ್ಟಿತು. ಮೊದಲ ಸಾಲಿನ ಕೆಳಗೆ ಒಂದು ಖಾಲಿ ಸಾಲು ಇರಲೇಬೇಕು. ವೆಬ್‌ಮೇಲ್ ಅದನ್ನು ನುಂಗಿದರೆ 'ಮಿಸ್‌ಫಾರ್ಮ್ಡ್ ಆರ್ಮರ್ಡ್ ಟೆಕ್ಸ್ಟ್' ಎಂಬ ತಪ್ಪು ಬರಬಹುದು. ಬರಹವನ್ನು ಅಂದಗೊಳಿಸುವ ಕೆಲವು ಎಡಿಟರ್‌ಗಳು ಎರಡು ಸಣ್ಣ ಅಡ್ಡಗೆರೆ ಸೇರಿಸಿ ಒಂದು ಉದ್ದಗೆರೆ ಮಾಡುತ್ತವೆ, ಆಗ ಐದರ ಲೆಕ್ಕ ತಪ್ಪಿ ಕಂತೆ ಇದೆ ಎಂಬುದೇ ಗೊತ್ತಾಗುವುದಿಲ್ಲ. ಕಳಿಸುವ ಮುನ್ನ 'ಪ್ಲೇನ್ ಟೆಕ್ಸ್ಟ್ ಮೋಡ್' ಹಾಕಿಕೊಂಡರೆ ಈ ಎರಡೂ ತಪ್ಪುತ್ತವೆ. ಜಿಮೇಲ್‌ನಲ್ಲಿ ಅದು ಕಂಪೋಸ್ ಪೆಟ್ಟಿಗೆಯ ಕೆಳಗಿನ ಮೂರು ಚುಕ್ಕಿಯೊಳಗಿದೆ.

ಜಿಮೇಲ್‌ನದೇ ಇನ್ನೊಂದು ಕತ್ತರಿ ಇದೆ. ಮೇಲ್ ಸುಮಾರು 102 ಕೆಬಿ ದಾಟಿದರೆ ಕೆಳಭಾಗವನ್ನು ಮಡಚಿ 'ಮೆಸೇಜ್ ಕ್ಲಿಪ್ಡ್' ಎಂದು ತೋರಿಸುತ್ತದೆ. ಮಡಚಿದ ಭಾಗದಲ್ಲೇ 'ಎಂಡ್' ಸಾಲು ಇರುವುದರಿಂದ ಕಂತೆ ಅರ್ಧವಾಗುತ್ತದೆ. ಕನ್ನಡದಲ್ಲಿ ಈ ಮಿತಿ ಬೇಗ ಮುಟ್ಟಬಹುದು. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರ 1 ಬೈಟ್, ಕನ್ನಡದ ಒಂದೊಂದು ಸಂಕೇತ 3 ಬೈಟ್. 'ಕ್ಷಿ' ಎಂಬ ಒಂದೇ ಅಕ್ಷರದಲ್ಲಿ ಕ, ಅರ್ಧಚಿಹ್ನೆ, ಷ, ಗುಡಿಸು ಸೇರಿ 12 ಬೈಟ್. ಎನ್‌ಕ್ರಿಪ್ಟ್ ಮಾಡುವಾಗ ಕುಗ್ಗಿಸದಿದ್ದರೆ ಆ ಭಾರವೆಲ್ಲ ಹಾಗೇ ಉಳಿದು, ಅಕ್ಷರರೂಪಕ್ಕೆ ತಿರುಗಿಸಿದಾಗ 3 ಬೈಟ್ 4 ಆಗುತ್ತದೆ. ಹತ್ತು ಸಲ ಹೋಗಿಬಂದು ಹಳೆಯ ಉತ್ತರಗಳೆಲ್ಲ ಕೆಳಗೆ ಬಾಲದಂತೆ ಬೆಳೆದ ಪತ್ರಗಳಲ್ಲಿ ಹೀಗಾಗುವುದು. ಬಾಲ ಕತ್ತರಿಸಿ ಕಳಿಸಿ, ಇಲ್ಲವೇ 'ವ್ಯೂ ಎಂಟೈರ್ ಮೆಸೇಜ್' ಒತ್ತಿ, ಪೂರ್ತಿ ಕಂತೆಯನ್ನು ನಕಲು ಮಾಡಿ, ಮೇಲ್‌ವೆಲೋಪ್‌ನ 'ಡಿಕ್ರಿಪ್ಟ್' ಪುಟದಲ್ಲಿ ಅಂಟಿಸಿ.

ಉತ್ತರ ಬರೆಯುವುದರಲ್ಲೂ ಒಂದು ಗುಂಡಿ ಇದೆ. ಬಿಚ್ಚಿಕೊಂಡ ಪತ್ರ ಮೇಲ್‌ವೆಲೋಪ್‌ನ ಚೌಕದೊಳಗೆ ಮಾತ್ರ ಕಾಣುತ್ತದೆ, ಜಿಮೇಲ್‌ಗೆ ಅದು ಕಾಣುವುದಿಲ್ಲ. ಜಿಮೇಲ್‌ನ 'ರಿಪ್ಲೈ' ಒತ್ತಿದರೆ ಕೆಳಗೆ ಬರುವುದು ಬೀಗ ಹಾಕಿದ ಕಂತೆಯೇ. ಅದನ್ನು ಕಂಡು ಕೆಲವರು ಬಿಚ್ಚಿದ ಪತ್ರವನ್ನು ನಕಲು ಮಾಡಿ ಸಾದಾ ರಿಪ್ಲೈನಲ್ಲಿ ಅಂಟಿಸಿಬಿಡುತ್ತಾರೆ. ಎದುರಿನವರು ಕಷ್ಟಪಟ್ಟು ಮುಚ್ಚಿ ಕಳಿಸಿದ್ದು ಹೀಗೆ ಬಟಾಬಯಲು. ಎಕ್ಸ್‌ಟೆನ್ಶನ್ನಿನ ಸ್ವಂತ ರಿಪ್ಲೈ ಗುರುತನ್ನೇ ಬಳಸಬೇಕು.

ಫೈಲುಗಳ ವಿಷಯಕ್ಕೆ ಬಂದರೆ, ಸಾದಾ ವೆಬ್‌ಮೇಲ್‌ನಲ್ಲಿ ಪತ್ರ ಬೇರೆ, ಫೈಲ್ ಬೇರೆ. ಪತ್ರ ಎನ್‌ಕ್ರಿಪ್ಟ್ ಮಾಡಿ, ಜಿಮೇಲ್‌ನ ಪೇಪರ್‌ಕ್ಲಿಪ್ ಒತ್ತಿ ಪಾಸ್‌ಪೋರ್ಟ್ ಸ್ಕ್ಯಾನ್ ಹಾಕಿದರೆ ಸ್ಕ್ಯಾನ್ ಬೆತ್ತಲೆಯಾಗಿಯೇ ಹೋಗುತ್ತದೆ. ಮೊದಲು 'ಎನ್‌ಕ್ರಿಪ್ಟ್' ಪುಟಕ್ಕೆ ಹೋಗಿ ಫೈಲ್ ಹಾಕಿ, ಪಡೆಯುವವರನ್ನು ಆರಿಸಿ, ಬೀಗ ಬಿದ್ದ ಪ್ರತಿಯನ್ನು ಇಳಿಸಿಕೊಂಡು, ಅದನ್ನು ಅಟ್ಯಾಚ್ ಮಾಡಬೇಕು. ಫೈಲಿನ ಹೆಸರು ಹೊರಗೆ ಕಾಣುತ್ತದೆ. ಸರ್ವೆ ನಂಬರನ್ನೋ ಅತಿಥಿಯ ಹೆಸರನ್ನೋ ಅದರಲ್ಲಿ ಇಟ್ಟರೆ ಅರ್ಧ ಗುಟ್ಟು ಅಲ್ಲೇ ಹೋಯಿತು. ಜಿಮೇಲ್‌ನ ಮಿತಿ 25 ಎಂಬಿ. ಅಕ್ಷರರೂಪದ ಎಎಸ್‌ಸಿ ಫೈಲಾಗಿ ಇಳಿಸಿಕೊಂಡರೆ ಮೂಲ ಫೈಲ್ 18 ಎಂಬಿ ಒಳಗೇ ಇರಬೇಕು. ಪಿಡಿಎಫ್, ಜೆಪೆಗ್‌ಗಳು ಮೊದಲೇ ಕುಗ್ಗಿರುವುದರಿಂದ ಇನ್ನಷ್ಟು ಕುಗ್ಗುವುದಿಲ್ಲ. ಸ್ಕ್ಯಾನರನ್ನು 600 ಡಿಪಿಐನಿಂದ 200ಕ್ಕೆ ಇಳಿಸಿದರೆ ಕಾಗದಪತ್ರಕ್ಕೆ ಧಾರಾಳವಾಯಿತು.

ಮೇಲ್‌ವೆಲೋಪ್‌ಗೆ ಜಿಮೇಲ್ ಎಪಿಐ ಅನುಮತಿ ಕೊಟ್ಟರೆ ಈ ಎರಡು ಹೆಜ್ಜೆ ಒಂದಾಗುತ್ತದೆ, ಪತ್ರವೂ ಫೈಲೂ ಒಟ್ಟಿಗೆ ಪಿಜಿಪಿ-ಮೈಮ್ ಕಟ್ಟಾಗಿ ಹೋಗುತ್ತವೆ. ಬದಲಿಗೆ ಇನ್‌ಬಾಕ್ಸ್ ಓದುವ, ಮೇಲ್ ಕಳಿಸುವ ಹಕ್ಕನ್ನು ಎಕ್ಸ್‌ಟೆನ್ಶನ್ನಿಗೆ ಕೊಡಬೇಕು. ತಿಂಗಳಿಗೆ ನಾಲ್ಕು ಫೈಲ್ ಕಳಿಸುವವರಿಗೆ ಅಷ್ಟು ದೂರ ಹೋಗಬೇಕಿಲ್ಲ ಅನ್ನಿಸುತ್ತದೆ. ದಿನಕ್ಕೆ ನಾಲ್ಕು ಕಳಿಸುವವರು ವೆಬ್‌ಮೇಲ್ ಬಿಟ್ಟು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಳ್ಳಲಿ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಅದರೊಳಗೇ ಇದೆ, ಚೌಕಟ್ಟಿನ ಜಗಳವೇ ಇಲ್ಲ.

ವಿಷಯದ ಸಾಲು, ಯಾರಿಂದ ಯಾರಿಗೆ, ಯಾವಾಗ ಎಂಬುವು ಎನ್‌ಕ್ರಿಪ್ಟ್ ಆಗುವುದಿಲ್ಲ. ಒಳಗಿನ ಮಾತು ಜಿಮೇಲ್ ಹುಡುಕಾಟಕ್ಕೆ ಸಿಗುವುದಿಲ್ಲವಾದ್ದರಿಂದ ವಿಷಯದ ಸಾಲು ಖಾಲಿ ಬಿಟ್ಟರೂ ಮುಂದೆ ಹುಡುಕಲು ಪರದಾಟ. 'ಬಾಣೆ ಜಾಗದ ತಕರಾರು' ಎಂದು ಬರೆಯುವ ಬದಲು 'ಕಡತ 14' ಎಂದು ಬರೆದು, 14 ಯಾವುದೆಂದು ಪುಸ್ತಕದಲ್ಲಿ ಗುರುತಿಟ್ಟುಕೊಳ್ಳಿ.

ಡಿಕ್ರಿಪ್ಟ್ ಮಾಡುವಾಗ 'ನೋ ಪ್ರೈವೇಟ್ ಕೀ ಫೌಂಡ್' ಎಂದರೆ ಎದುರಿನವರು ನಿಮ್ಮ ಹಳೆಯ ಪಬ್ಲಿಕ್ ಕೀ ಬಳಸಿದ್ದಾರೆ, ಇಲ್ಲವೇ ನೀವು ಬೇರೆ ಕಂಪ್ಯೂಟರಿನಲ್ಲಿ ಕೂತಿದ್ದೀರಿ. ನೀವೇ ಕಳಿಸಿದ ಮೇಲ್ 'ಸೆಂಟ್'ನಲ್ಲಿ ತೆರೆಯದಿದ್ದರೆ, ಕಳಿಸುವಾಗ ನಿಮ್ಮ ಸ್ವಂತ ಕೀಗೂ ಎನ್‌ಕ್ರಿಪ್ಟ್ ಆಗಿಲ್ಲ. ಅದಕ್ಕೊಂದು ಸೆಟಿಂಗ್ ಇದೆ, ಮೊದಲ ದಿನವೇ ನೋಡಿಕೊಳ್ಳಿ.

ಬುಡಕ್ಕೇ ಕೈಹಾಕದೆ ಗೊತ್ತಾಗದ ಒಂದು ತೊಂದರೆ ಎಂದರೆ ಗಡಿಯಾರ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿರುವ ನಾಣ್ಯದಷ್ಟಗಲದ ಸಿಆರ್2032 ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನ ಸಮಯ ಹಿಂದೆ ಸರಿಯುತ್ತದೆ. ವರ್ಷಗಟ್ಟಲೆ ಸರಿದರೆ ವೆಬ್‌ಸೈಟ್‌ಗಳೇ ತೆರೆಯುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಒಂದೆರಡು ದಿನ ಸರಿದರೆ ಜಿಮೇಲ್ ಎಂದಿನಂತೆ ತೆರೆಯುತ್ತದೆ. ನಿನ್ನೆ ಮಾಡಿದ ಕೀ ಮಾತ್ರ ಆ ಕಂಪ್ಯೂಟರಿನ ಪ್ರಕಾರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಅದಕ್ಕೆ ಎನ್‌ಕ್ರಿಪ್ಟ್ ಮಾಡುವುದಿಲ್ಲ ಎನ್ನುತ್ತದೆ. ಇವತ್ತು ಬಂದ ಡಿಜಿಟಲ್ ಸಹಿಯನ್ನು (ಕಳಿಸಿದವರು ಇವರೇ ಎಂದು ಅವರ ಪ್ರೈವೇಟ್ ಕೀಯಿಂದ ಹಾಕುವ ಗುರುತನ್ನು) ನಾಳಿನ ಸಹಿ ಎಂದು ತಳ್ಳುತ್ತದೆ. ಸೆಲ್ ಬದಲಿಸಿ, ವಿಂಡೋಸ್‌ನ ಸಮಯವನ್ನು ತಾನಾಗಿ ಹೊಂದಿಕೊಳ್ಳಲು ಬಿಡಿ.

ಕೀಯ ಬ್ಯಾಕಪ್ ಬಗ್ಗೆ ಸ್ವಲ್ಪ ಗದರಿಸಿಯೇ ಹೇಳಬೇಕು. ಪ್ರೈವೇಟ್ ಕೀ ಇರುವುದು ಆ ಬ್ರೌಸರಿನ ಆ ಪ್ರೊಫೈಲ್‌ನಲ್ಲಿ, ಬೇರೆಲ್ಲೂ ಇಲ್ಲ. ಗೂಗಲ್ ಅಕೌಂಟ್ ಸಿಂಕ್ ಅದನ್ನು ಒಯ್ಯುವುದಿಲ್ಲ. ಎಕ್ಸ್‌ಟೆನ್ಶನ್ ತೆಗೆದರೆ ಕೀ ಹೋಯಿತು, ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರೆ ಕೀ ಹೋಯಿತು. 'ತೆಗೆದು ಮತ್ತೆ ಹಾಕಿ ನೋಡಿ' ಎಂಬುದು ಬೇರೆಲ್ಲದಕ್ಕೂ ನಡೆಯುವ ಸಲಹೆ. ಇಲ್ಲಿ ಅದು ಮನೆ ಕೀಲಿಯನ್ನು ಕಾವೇರಿಗೆ ಎಸೆದ ಹಾಗೆ. ಪಾಸ್‌ವರ್ಡ್ ಮರೆತರೂ ಅಷ್ಟೆ, ಯಾರನ್ನೂ ಕೇಳಿ ಪಡೆಯುವಂತಿಲ್ಲ. ಕೀರಿಂಗ್ ತೆರೆದು, ನಿಮ್ಮ ಕೀ ಒತ್ತಿ, 'ಎಕ್ಸ್‌ಪೋರ್ಟ್'ನಲ್ಲಿ ಪಬ್ಲಿಕ್ ಒಂದನ್ನೇ ಆರಿಸದೆ ಎರಡೂ ಸೇರಿದ್ದನ್ನು ಆರಿಸಿ ಎಎಸ್‌ಸಿ ಫೈಲಾಗಿ ಉಳಿಸಿ. ಎರಡು ಪೆನ್‌ಡ್ರೈವ್‌ಗೆ ಹಾಕಿ ಒಂದನ್ನು ಆಫೀಸಿನ ಹೊರಗಿಡಿ. ಮಳೆಗಾಲದ ತೇವಕ್ಕೆ ಪೆನ್‌ಡ್ರೈವ್ ಕೈಕೊಡುವುದುಂಟು; ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ, ವರ್ಷಕ್ಕೊಮ್ಮೆ ಬೇರೆ ಕಂಪ್ಯೂಟರಿಗೆ ಇಂಪೋರ್ಟ್ ಮಾಡಿ ತೆರೆಯುತ್ತದೆಯೇ ನೋಡಿ. ಪಾಸ್‌ವರ್ಡ್ ಬರೆದ ಚೀಟಿ ಅದೇ ಡಬ್ಬಿಯಲ್ಲಿ ಬೇಡ.

ರೈಟರ್ (ತೋಟದ ಗುಮಾಸ್ತರು), ಮ್ಯಾನೇಜರ್, ಮಾಲೀಕರು ಮೂವರೂ ಒಂದೇ ಕಂಪ್ಯೂಟರಿಗೆ ಕೂರುವ ತೋಟದ ಆಫೀಸುಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ವಿಂಡೋಸ್ ಲಾಗಿನ್ ಇರಲಿ. ಆಪ್ಶನ್ಸ್‌ನ 'ಸೆಕ್ಯುರಿಟಿ'ಯಲ್ಲಿ ಪಾಸ್‌ವರ್ಡ್ ಕೆಲಕಾಲ ನೆನಪಿಡುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಇಲ್ಲವಾದರೆ ಮಾಲೀಕರು ಕಾಫಿಗೆ ಎದ್ದು ಹೋದಾಗ ಅವರ ಬೀಗ ತೆರೆದೇ ಇರುತ್ತದೆ. ಅಲ್ಲೇ 'ಸೆಕ್ಯುರಿಟಿ ಬ್ಯಾಕ್‌ಗ್ರೌಂಡ್' ಎಂಬುದಿದೆ: ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯ ಹಿಂದೆ ನಿಮ್ಮ ಕಂಪ್ಯೂಟರಿಗೆ ಮಾತ್ರ ಗೊತ್ತಿರುವ ಬಣ್ಣದ ವಿನ್ಯಾಸ ಕಾಣುತ್ತದೆ. ಆ ಬಣ್ಣ ಇಲ್ಲದ ಪೆಟ್ಟಿಗೆ ಪಾಸ್‌ವರ್ಡ್ ಕೇಳಿದರೆ ಅದು ನಕಲಿ. ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ, ಗಮನಿಸುವವರು ಕಡಿಮೆ.

ಕಾಫಿ ವ್ಯಾಪಾರದವರಿಗೆ ನಿಜವಾಗಿ ಹಣ ಉಳಿಸುವುದು ಎನ್‌ಕ್ರಿಪ್ಶನ್ನಿಗಿಂತ ಸಹಿ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲ ಇಲ್ಲಿಗೆ ಹಾಕಿ' ಎಂಬ ಮೋಸದ ಮೇಲ್ ಅಸಲಿ ವಿಳಾಸದಿಂದಲೇ ಬರಬಹುದು. ಪ್ರೈವೇಟ್ ಕೀ ಇಲ್ಲದೆ ಸಹಿ ಮಾತ್ರ ಬರುವುದಿಲ್ಲ. ಆ ಸಹಿ ನಂಬಬೇಕಾದರೆ ಎದುರಿನವರ ಕೀಯ ಫಿಂಗರ್‌ಪ್ರಿಂಟ್ ಅನ್ನು, ಅಂದರೆ ಆ ಕೀಯ ಗುರುತಿನ ಸಂಖ್ಯೆಯನ್ನು, ಒಮ್ಮೆ ಫೋನಿನಲ್ಲಿ ಓದಿಸಿ ತಾಳೆ ನೋಡಬೇಕು. ಸಾಮಾನ್ಯವಾಗಿ 40 ಅಕ್ಷರ, ನಾಲ್ಕು ನಾಲ್ಕರ ಹತ್ತು ಗುಂಪು, ಎರಡು ನಿಮಿಷದ ಕೆಲಸ. ಫೋನ್ ನಂಬರನ್ನು ಆ ಮೇಲ್‌ನಿಂದಲೇ ತೆಗೆದುಕೊಳ್ಳಬೇಡಿ, ಹಳೆಯ ಬಿಲ್ ನೋಡಿ.

ವಾಟ್ಸಾಪ್‌ನಲ್ಲೇ ಕಳಿಸಿದರೆ ಆಗದೇ ಎಂದು ಕೇಳುವವರಿಗೆ: ದಾರಿಯಲ್ಲಿ ಅದೂ ಭದ್ರವೇ, ಆದರೆ ಪಾಸ್‌ಪೋರ್ಟ್ ಚಿತ್ರ ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಹುಟ್ಟುಹಬ್ಬದ ಫೋಟೋ ಪಕ್ಕ ಕೂರುತ್ತದೆ. ಜಿಮೇಲ್‌ನ 'ಕಾನ್ಫಿಡೆನ್ಶಿಯಲ್ ಮೋಡ್' ಹೆಸರಿಗೆ ಮರುಳಾಗಬೇಡಿ. ಅದು ಫಾರ್ವರ್ಡ್, ಪ್ರಿಂಟ್ ತಡೆಯುತ್ತದೆ, ಪತ್ರ ಗೂಗಲ್ ಸರ್ವರಿನಲ್ಲಿ ಓದುವ ರೂಪದಲ್ಲೇ ಇರುತ್ತದೆ.

ಫೋನ್ ಎಂದಾಗ ಈ ಎಕ್ಸ್‌ಟೆನ್ಶನ್ ಕೈಚೆಲ್ಲುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಇದನ್ನು ಹಾಕುವಂತಿಲ್ಲ. ಓಪನ್‌ಕೀಚೈನ್ ಆ್ಯಪ್‌ಗೆ ಅದೇ ಎಎಸ್‌ಸಿ ಫೈಲ್ ಇಂಪೋರ್ಟ್ ಮಾಡಿ, ಕೆ-9 ಅಥವಾ ಫೇರ್‌ಇಮೇಲ್ ಎಂಬ ಮೇಲ್ ಆ್ಯಪ್ ಜತೆ ಜೋಡಿಸಬಹುದು. ಕೀ ಇರುವ ಫೋನ್ ಕಳೆದರೆ ಕೀಯನ್ನು ರಿವೋಕ್ (ರದ್ದು) ಮಾಡುವ ಕೆಲಸ ಜತೆಗೇ ಬಂತು. ದಿನವಿಡೀ ತೋಟದಲ್ಲಿದ್ದು ಫೋನಿನಲ್ಲೇ ಮೇಲ್ ನೋಡುವವರಿಗೆ ಇದು ಒಗ್ಗುವುದಿಲ್ಲ. ಟೇಬಲ್ ಮೇಲೆ ಕಂಪ್ಯೂಟರ್ ಇದ್ದು, ಗುಟ್ಟಿನ ವ್ಯವಹಾರ ನಾಲ್ಕೈದು ಜನರ ಜತೆ ಮಾತ್ರ ಇರುವ ವಕೀಲರು, ಆಡಿಟರ್‌ಗಳು, ರಫ್ತಿನವರು ಹಾಕಿಕೊಳ್ಳಲಿ. ಮೊದಲ ವಾರ ಗುಟ್ಟಿನದೇನನ್ನೂ ಕಳಿಸದೆ, ಆ ನಾಲ್ಕೈದು ಜನರಿಗೂ ಕನ್ನಡದ ಒಂದು ಪತ್ರ, 2 ಎಂಬಿಯ ಒಂದು ಪಿಡಿಎಫ್ ಕಳಿಸಿ, ಅವರಿಂದಲೂ ತರಿಸಿಕೊಂಡು, ಎರಡೂ ಕಡೆ ತೆರೆದದ್ದನ್ನು ನೋಡಿದ ಮೇಲೆ ಪಾಲುಪಟ್ಟಿ ಕಳಿಸಿದರಾಯಿತು.